‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದಾಗ, ಅದನ್ನು ಪರಿಶೀಲಿಸಿದವರು ಯಾರೆಂದು ಕೇಳಿ

ಕ್ಲಿನಿಕ್ಕಿಗೆ ಬರುವವರಲ್ಲಿ ದಿನಕ್ಕೆ ಒಬ್ಬರಾದರೂ ಮೊಬೈಲ್ ತೆರೆದು ನನ್ನ ಮುಂದೆ ಹಿಡಿಯುತ್ತಾರೆ. "ಡಾಕ್ಟ್ರೇ, ಇದನ್ನು ನೋಡಿ, ರಿಸರ್ಚ್‌ನಲ್ಲಿ ಪ್ರೂವ್ ಆಗಿದೆಯಂತೆ" ಎನ್ನುತ್ತಾರೆ. ಒಂದು ದಿನ ಕರಿಜೀರಿಗೆ, ಇನ್ನೊಂದು ದಿನ ಮೆಂತ್ಯದ ನೀರು, ಮತ್ತೊಂದು ದಿನ ಯಾವುದೋ ಕಂಪೆನಿಯ ಪುಡಿ. ಕೆಳಗೆ ಒಂದು ವಿದೇಶಿ ವಿಶ್ವವಿದ್ಯಾಲಯದ ಹೆಸರು, ಬಿಳಿ ಕೋಟು ಹಾಕಿದವರ ಒಂದು ಚಿತ್ರ. ಅಷ್ಟಕ್ಕೇ ಎಷ್ಟೋ ಮಂದಿ ವರ್ಷಗಳಿಂದ ನುಂಗುತ್ತಿದ್ದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ.

‘ಸಂಶೋಧನೆ’ ಎಂಬ ಪದಕ್ಕೆ ನಮ್ಮಲ್ಲಿ ಅಷ್ಟು ಗೌರವವಿದೆ. ಆ ಪದ ಬಂದ ಕೂಡಲೇ ಚರ್ಚೆ ಮುಗಿಯಿತು. ಹಾಗೆ ಮುಗಿಯಬಾರದು, ಅಲ್ಲಿಂದಲೇ ಶುರುವಾಗಬೇಕು ಎಂಬುದು ಈ ಲೇಖನದ ಮಾತು. ಪ್ರಕಟವಾದ ಸಂಶೋಧನೆ ನಿಜವಾಗಿ ನಡೆದಿದೆಯೇ, ಅದರಲ್ಲಿರುವ ಅಂಕಿಗಳು ನಿಜವಾದ ರೋಗಿಗಳದ್ದೇ ಎಂದು ಪರಿಶೀಲಿಸುವ ಒಂದು ಸಣ್ಣ ಗುಂಪು ಜಗತ್ತಿನಲ್ಲಿದೆ. ಅವರ ಕೆಲಸ ಏನೆಂದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಆದರೆ ನೀವು ನುಂಗುವ ಮಾತ್ರೆ, ಕುಡಿಯುವ ಕಷಾಯ, ಆಸ್ಪತ್ರೆಯಲ್ಲಿ ನಿಮಗೆ ಹಾಕುವ ಡ್ರಿಪ್ ಎಲ್ಲವೂ ಕೊನೆಗೆ ಅವರ ಕಣ್ಣಿಗೆ ಋಣಿ.

ಲೇಖನ ಪ್ರಕಟವಾಗುವ ಬಗೆ

ಒಬ್ಬ ವೈದ್ಯ ಒಂದು ಔಷಧವನ್ನು ನೂರು ರೋಗಿಗಳ ಮೇಲೆ ಪ್ರಯೋಗಿಸಿ ಲೇಖನ ಬರೆದು ವೈದ್ಯಕೀಯ ಪತ್ರಿಕೆಗೆ ಕಳುಹಿಸುತ್ತಾನೆ ಎಂದುಕೊಳ್ಳಿ. ಪತ್ರಿಕೆಯ ಸಂಪಾದಕರು ಅದನ್ನು ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ ಕಳುಹಿಸಿ ಅಭಿಪ್ರಾಯ ಕೇಳುತ್ತಾರೆ. ಇದನ್ನು ಪೀರ್ ರಿವ್ಯೂ ಎನ್ನುತ್ತಾರೆ. ಈ ತಜ್ಞರಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಅವರು ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುತ್ತಾರೆ.

ಅವರು ಓದುವುದು ಲೇಖನವನ್ನು ಮಾತ್ರ. ಆ ನೂರು ರೋಗಿಗಳನ್ನು ಅವರು ನೋಡಿಲ್ಲ. ಆಸ್ಪತ್ರೆಯ ರಿಜಿಸ್ಟರ್ ತೆರೆದಿಲ್ಲ. ಬರೆದವನು ಸತ್ಯವಂತ ಎಂದು ನಂಬಿಕೊಂಡೇ ಅವರು ವಿಧಾನ ಸರಿಯೇ, ತೀರ್ಮಾನ ಸರಿಯೇ ಎಂದು ನೋಡುತ್ತಾರೆ. ರೋಗಿಗಳೇ ಇಲ್ಲದೆ ಅಂಕಿಗಳನ್ನು ಕುಳಿತಲ್ಲೇ ಬರೆದಿದ್ದರೆ ಅದು ಇಲ್ಲಿ ಸಿಕ್ಕಿಬೀಳುವ ಸಾಧ್ಯತೆ ಕಡಿಮೆ.

ಯುನಾನಿ ಓದಿದ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಸುಲಭ. ಕೇಸರಿ ದುಬಾರಿ ವಸ್ತು. ಅದರಲ್ಲಿ ಕುಸುಬೆಯ ಎಸಳು ಬೆರೆಸುವವರಿದ್ದಾರೆ, ಬಣ್ಣ ಹಾಕಿದ ನಾರು ಬೆರೆಸುವವರಿದ್ದಾರೆ. ಡಬ್ಬಿಯ ಮೇಲಿನ ಚೀಟಿ ಓದಿ ಯಾವ ಹಕೀಮನೂ ಕೇಸರಿ ಕೊಳ್ಳುವುದಿಲ್ಲ. ನಾಲ್ಕು ಎಸಳನ್ನು ನೀರಿಗೆ ಹಾಕಿ ನೋಡುತ್ತಾನೆ. ಅಸಲಿಯಾದರೆ ಬಣ್ಣ ನಿಧಾನವಾಗಿ ಬಿಡುತ್ತದೆ, ಎಸಳು ಕೆಂಪಾಗಿಯೇ ಉಳಿಯುತ್ತದೆ. ನಕಲಿಯಾದರೆ ಕೂಡಲೇ ನೀರು ಬಣ್ಣವಾಗಿ ಎಸಳು ಬಿಳಿಚಿಕೊಳ್ಳುತ್ತದೆ. ಪೀರ್ ರಿವ್ಯೂ ಎಂದರೆ ಚೀಟಿ ಓದುವುದು. ನೀರಿಗೆ ಹಾಕಿ ನೋಡುವ ಕೆಲಸ ಬೇರೆಯೇ ಇದೆ.

ಚೀಲ ತೆರೆದು ನೋಡಿದ ಅರಿವಳಿಕೆ ವೈದ್ಯ

ಇಂಗ್ಲೆಂಡಿನ ಟಾರ್ಕಿ ಎಂಬ ಕಡಲೂರಿನಲ್ಲಿ ಜಾನ್ ಕಾರ್ಲೈಲ್ ಎಂಬ ಅರಿವಳಿಕೆ ತಜ್ಞರಿದ್ದಾರೆ. ಅವರು ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇನಲ್ಲ, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ವೈದ್ಯ. ಸಂಶೋಧನಾ ಲೇಖನಗಳ ಅಂಕಿಗಳನ್ನು ಪರೀಕ್ಷಿಸುವ ಒಂದು ವಿಧಾನವನ್ನು ಅವರು ರೂಪಿಸಿದರು.

ವಿಧಾನದ ತಿರುಳು ಇಷ್ಟು. ನಾಣ್ಯ ಚಿಮ್ಮಿ ನೂರು ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿದರೆ, ಎರಡೂ ಗುಂಪಿನ ಸರಾಸರಿ ವಯಸ್ಸು, ತೂಕ, ರಕ್ತದೊತ್ತಡ ಹತ್ತಿರ ಹತ್ತಿರ ಇರುತ್ತವೆ, ಆದರೆ ಅಚ್ಚು ಹೊಡೆದಂತೆ ಒಂದೇ ಆಗಿರುವುದಿಲ್ಲ. ಸ್ವಲ್ಪ ಆಚೀಚೆ ಆಗಲೇಬೇಕು. ನಾಣ್ಯವನ್ನು ನೂರು ಸಲ ಚಿಮ್ಮಿ ಬರೆದುಕೊಂಡು ಬಾ ಎಂದು ಹುಡುಗನಿಗೆ ಹೇಳಿ. ಚಿಮ್ಮದೆ ಕುಳಿತಲ್ಲೇ ಬರೆದವನು ತಲೆ, ಹೂವು, ತಲೆ, ಹೂವು ಎಂದು ಅಂದವಾಗಿ ಬರೆದು ತರುತ್ತಾನೆ. ನಿಜವಾಗಿ ಚಿಮ್ಮಿದವನ ಪಟ್ಟಿಯಲ್ಲಿ ಒಮ್ಮೊಮ್ಮೆ ಆರು ಸಲ ಬೆನ್ನುಬೆನ್ನಿಗೆ ತಲೆಯೇ ಬಿದ್ದಿರುತ್ತದೆ. ಸುಳ್ಳು ಸಾಮಾನ್ಯವಾಗಿ ಸತ್ಯಕ್ಕಿಂತ ಹೆಚ್ಚು ಅಚ್ಚುಕಟ್ಟಾಗಿರುತ್ತದೆ.

ಜಪಾನಿನ ಯೋಶಿಟಾಕಾ ಫುಜಿ ಎಂಬ ಅರಿವಳಿಕೆ ತಜ್ಞ ಶಸ್ತ್ರಚಿಕಿತ್ಸೆಯ ನಂತರ ಬರುವ ವಾಂತಿಯನ್ನು ತಡೆಯುವ ಔಷಧಗಳ ಮೇಲೆ ನೂರಾರು ಲೇಖನ ಬರೆದಿದ್ದರು. ಅವುಗಳ ಅಂಕಿಗಳು ನಂಬಲಾರದಷ್ಟು ಚೆನ್ನಾಗಿವೆ ಎಂದು 2000ರಲ್ಲೇ ಕೆಲವು ವೈದ್ಯರು ಪತ್ರ ಬರೆದು ಎಚ್ಚರಿಸಿದ್ದರು. ಯಾರೂ ಕಿವಿಗೊಡಲಿಲ್ಲ. 2012ರಲ್ಲಿ ಕಾರ್ಲೈಲ್ ಆ ಪ್ರಯೋಗಗಳ ಅಂಕಿಗಳನ್ನು ಲೆಕ್ಕಹಾಕಿ, ಇಂಥ ಅಂಕಿಗಳು ಆಕಸ್ಮಿಕವಾಗಿ ಬರುವುದು ಅಸಾಧ್ಯವೆನ್ನುವಷ್ಟು ಅಪರೂಪ ಎಂದು ತೋರಿಸಿದರು. ಅದೇ ವರ್ಷ ಜಪಾನಿನ ಅರಿವಳಿಕೆ ತಜ್ಞರ ಸಂಘ ತನಿಖೆ ನಡೆಸಿ, ಫುಜಿಯ 212 ಲೇಖನಗಳಲ್ಲಿ 172 ಕಟ್ಟುಕಥೆ ಎಂದು ತೀರ್ಮಾನಿಸಿತು. ಮೊದಲ ಎಚ್ಚರಿಕೆಗೂ ತೀರ್ಪಿಗೂ ನಡುವೆ ಹನ್ನೆರಡು ವರ್ಷ ಕಳೆದಿತ್ತು.

ಮುಂದೆ ಕಾರ್ಲೈಲ್ ತಾವು ಸಂಪಾದಕರಲ್ಲಿ ಒಬ್ಬರಾಗಿದ್ದ ‘ಅನಸ್ತೇಸಿಯಾ’ ಪತ್ರಿಕೆಗೆ 2017ರ ಫೆಬ್ರವರಿಯಿಂದ 2020ರ ಮಾರ್ಚ್‌ವರೆಗೆ ಬಂದ 526 ಪ್ರಯೋಗಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 373ಕ್ಕೆ ಅವರ ಬಳಿ ಇದ್ದದ್ದು ಲೇಖನದಲ್ಲಿ ಕೊಟ್ಟ ಸಾರಾಂಶದ ಅಂಕಿಗಳು ಮಾತ್ರ. ಅವುಗಳಲ್ಲಿ ಶೇ. 2ರಷ್ಟರಲ್ಲಿ ಸುಳ್ಳು ಕಂಡುಬಂತು. ಉಳಿದ 153ಕ್ಕೆ ಒಬ್ಬೊಬ್ಬ ರೋಗಿಯ ವಿವರವೂ ಸಾಲುಸಾಲಾಗಿ ಸಿಕ್ಕಿತ್ತು. ಅವುಗಳಲ್ಲಿ ಸುಳ್ಳು ಅಂಕಿಗಳಿದ್ದವು ಶೇ. 44ರಲ್ಲಿ. ಶೇ. 26ರಷ್ಟು ಪ್ರಯೋಗಗಳಂತೂ ನಂಬಲು ಏನೂ ಉಳಿಯದಷ್ಟು ಕೆಟ್ಟಿದ್ದವು. ಅಂಥವನ್ನು ಅವರು ‘ಜಾಂಬಿ’, ಅಂದರೆ ನಡೆದಾಡುವ ಹೆಣ ಎಂದು ಕರೆದರು.

ಇದು ಒಂದೇ ಪತ್ರಿಕೆಗೆ ಬಂದ ಲೇಖನಗಳ ಲೆಕ್ಕ. ಇದನ್ನು ಹಿಡಿದು ಜಗತ್ತಿನ ಅರ್ಧ ಸಂಶೋಧನೆ ಸುಳ್ಳು ಎನ್ನಲಾಗದು. ಸಂಶಯ ಬಂದ ಕಡೆಗಳಿಂದ ಹೆಚ್ಚು ವಿವರ ಕೇಳಿದ್ದೂ ಉಂಟು. ಆದರೆ ಪಾಠ ಸ್ಪಷ್ಟವಾಗಿದೆ. ಚೀಲದ ಹೊರಗಿನಿಂದ ನೋಡಿದಾಗ ಕಾಣದ್ದು ಚೀಲ ಬಿಚ್ಚಿ ನೋಡಿದಾಗ ಕಾಣುತ್ತದೆ.

ಸುಳ್ಳಿಗೆ ಬೆಲೆ ತೆರುವವರು ಯಾರು?

"ಯಾರೋ ಎಲ್ಲೋ ಸುಳ್ಳು ಬರೆದರೆ ನಮಗೇನು?" ಎಂದು ನೀವು ಕೇಳಬಹುದು. ಜರ್ಮನಿಯ ಯೋವಾಕಿಮ್ ಬೋಲ್ಟ್ ಎಂಬ ತಜ್ಞರ ಪ್ರಕರಣ ನೋಡಿ. ರಕ್ತಸ್ರಾವ ಅಥವಾ ತೀವ್ರ ಸೋಂಕಿನಿಂದ ಕುಸಿದ ರೋಗಿಗಳಿಗೆ ಪಿಷ್ಟದಿಂದ ತಯಾರಿಸಿದ ಒಂದು ಬಗೆಯ ಡ್ರಿಪ್ ಹಾಕುತ್ತಿದ್ದರು. ಅದು ಸುರಕ್ಷಿತ ಎಂದು ಹೇಳುವ ಲೇಖನಗಳಲ್ಲಿ ಬೋಲ್ಟ್ ಅವರದ್ದು ಬಹಳಷ್ಟಿದ್ದವು. 2010ರಿಂದ ಅವು ಒಂದೊಂದಾಗಿ ಕುಸಿದವು. ನೈತಿಕ ಸಮಿತಿಯ ಅನುಮತಿ ಇಲ್ಲದ ಕಾರಣಕ್ಕೇ 2011ರಲ್ಲಿ ಸುಮಾರು 90 ಲೇಖನಗಳನ್ನು ಹಲವು ಪತ್ರಿಕೆಗಳು ಹಿಂತೆಗೆದುಕೊಂಡವು. 2013ರಲ್ಲಿ ಕೆನಡಾದ ವೈದ್ಯರು ಬೋಲ್ಟ್ ಪ್ರಯೋಗಗಳನ್ನು ಬದಿಗಿಟ್ಟು ಉಳಿದವನ್ನು ಮಾತ್ರ ಕೂಡಿಸಿ ಲೆಕ್ಕಹಾಕಿದಾಗ, ಆ ಡ್ರಿಪ್ ಪಡೆದವರಲ್ಲಿ ಸಾವು ಮತ್ತು ಮೂತ್ರಪಿಂಡದ ವೈಫಲ್ಯ ಹೆಚ್ಚಾಗಿರುವುದು ಕಂಡಿತು. 2022ರಲ್ಲಿ ಯುರೋಪು ಅದರ ಮಾರಾಟದ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತು. ಅಷ್ಟರವರೆಗೆ ಆ ಡ್ರಿಪ್ ಹಾಕಿಸಿಕೊಂಡವರಿಗೆ ಬೋಲ್ಟ್ ಎಂಬ ಹೆಸರೂ ಗೊತ್ತಿರಲಿಲ್ಲ.

ನಮಗೆ ಹತ್ತಿರದ ಉದಾಹರಣೆ ಐವರ್ಮೆಕ್ಟಿನ್. ಹುಳದ ಬಾಧೆಗೆ ಕೊಡುವ ಈ ಒಳ್ಳೆಯ ಔಷಧವನ್ನು ಕೋವಿಡ್ ಕಾಲದಲ್ಲಿ ಎಷ್ಟು ಮಂದಿ ನುಂಗಿದ್ದೀರಿ ಎಂದು ನೆನಪಿಸಿಕೊಳ್ಳಿ. 2021ರ ಮೇ ತಿಂಗಳಲ್ಲಿ ಪಕ್ಕದ ಗೋವಾ ಸರ್ಕಾರ 18 ವರ್ಷ ದಾಟಿದ ಎಲ್ಲರಿಗೂ ಅದನ್ನು ಕೊಡುವುದಾಗಿ ಪ್ರಕಟಿಸಿತ್ತು. ಆ ಸಮಯದಲ್ಲಿ ಔಷಧದ ಪರವಾಗಿ ಹೆಚ್ಚು ತೂಕವಿದ್ದ ಅಧ್ಯಯನಗಳಲ್ಲಿ ಒಂದು ಈಜಿಪ್ಟಿನದು. 2020ರ ನವೆಂಬರಿನಲ್ಲಿ ಅದು ತಜ್ಞರ ಪರಿಶೀಲನೆಗೂ ಮೊದಲೇ ಅಂತರಜಾಲದಲ್ಲಿ ಪ್ರಕಟವಾಗಿತ್ತು. ಸಾವು ಶೇ. 90ರಷ್ಟು ಇಳಿಯುತ್ತದೆ ಎಂದು ಅದರಲ್ಲಿತ್ತು.

ಲಂಡನ್ನಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ, ಜ್ಯಾಕ್ ಲಾರೆನ್ಸ್, ಕಾಲೇಜಿನ ಕೆಲಸಕ್ಕಾಗಿ ಆ ಲೇಖನ ಓದಲು ಕುಳಿತ. ಪೀಠಿಕೆಯ ಸಾಲುಗಳು ಬೇರೆ ಕಡೆಯಿಂದ ಎತ್ತಿದಂತೆ ಕಂಡವು. ಅಂಕಿಗಳ ಫೈಲನ್ನು ತೆರೆದರೆ ಅಧ್ಯಯನ ಶುರುವಾಗುವ ಮೊದಲೇ ತೀರಿಹೋದ ರೋಗಿಗಳು ಅದರಲ್ಲಿದ್ದರು. ಅವನ ಜೊತೆ ಸೇರಿದ ತಜ್ಞರು ನೋಡಿದಾಗ, ಒಬ್ಬ ರೋಗಿಯ ವಿವರವನ್ನೇ ಮತ್ತೊಬ್ಬನದ್ದೆಂದು ನಕಲು ಮಾಡಿದಂತಿದ್ದ ಹತ್ತಾರು ಸಾಲುಗಳು ಸಿಕ್ಕವು. 2021ರ ಜುಲೈಯಲ್ಲಿ ಆ ಲೇಖನವನ್ನು ತೆಗೆದುಹಾಕಲಾಯಿತು. ಆದರೆ ಅಷ್ಟರಲ್ಲಿ ಅನೇಕ ಅಧ್ಯಯನಗಳನ್ನು ಕೂಡಿಸಿ ತೀರ್ಮಾನ ಹೇಳುವ ವಿಮರ್ಶೆಗಳಲ್ಲಿ ಅದು ಸೇರಿಹೋಗಿತ್ತು. ಒಂದು ಕೊಡ ಹಾಲಿಗೆ ಒಂದು ಲೋಟ ಹುಳಿ ಹಾಲು ಸುರಿದಂತೆ. 2022ರ ಮಾರ್ಚಿನಲ್ಲಿ ಬ್ರೆಜಿಲ್‌ನ 1,358 ರೋಗಿಗಳ ಮೇಲೆ ಸರಿಯಾಗಿ ನಡೆದ ಪ್ರಯೋಗದ ಫಲಿತಾಂಶ ಬಂತು. ಐವರ್ಮೆಕ್ಟಿನ್ ಆಸ್ಪತ್ರೆ ಸೇರುವುದನ್ನು ತಪ್ಪಿಸಲಿಲ್ಲ.

ಸುಳ್ಳು ಸತ್ತರೂ ಅದರ ನೆರಳು ಉಳಿಯುತ್ತದೆ. 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಬರೆದ, ಕೇವಲ 12 ಮಕ್ಕಳ ಕುರಿತ ಲೇಖನವೊಂದು ದಡಾರದ ಲಸಿಕೆಯ ಜೊತೆಗೆ ಆಟಿಸಂ ಅನ್ನು ತಳಕು ಹಾಕಿತು. ಬ್ರಯಾನ್ ಡಿಯರ್ ಎಂಬ ಪತ್ರಕರ್ತ ವರ್ಷಗಟ್ಟಲೆ ಬೆನ್ನುಹತ್ತಿ ಅದರ ಹುಳುಕು ಬಯಲಿಗೆಳೆದರು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಆದರೆ 2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವಾಗ ಹರಡಿದ ಗಾಳಿಮಾತುಗಳನ್ನು ನೀವು ಮರೆತಿರಲಾರಿರಿ. ಮಗುವನ್ನು ಆ ದಿನ ಶಾಲೆಗೇ ಕಳುಹಿಸದ ತಾಯಂದಿರ ಮನೆಗೆ ‘ಹಿಂತೆಗೆದುಕೊಂಡಿದ್ದೇವೆ’ ಎಂಬ ಪ್ರಕಟಣೆ ತಲುಪುವುದೇ ಇಲ್ಲ.

ಪರಿಶೀಲಕರಿಗೆ ಸಿಗುವ ಬಹುಮಾನ

ಇಷ್ಟು ಉಪಕಾರ ಮಾಡುವವರಿಗೆ ಸಿಗುವುದೇನು? ಎಲಿಜಬೆತ್ ಬಿಕ್ ನೆದರ್ಲೆಂಡ್ಸ್ ಮೂಲದ ಸೂಕ್ಷ್ಮಜೀವಿ ವಿಜ್ಞಾನಿ, ಅಮೆರಿಕದಲ್ಲಿದ್ದಾರೆ. ಲೇಖನಗಳಲ್ಲಿ ಮುದ್ರಿಸಿದ ಪ್ರಯೋಗಾಲಯದ ಚಿತ್ರಗಳಲ್ಲಿ ಒಂದನ್ನೇ ತಿರುಗಿಸಿ ಮುರುಗಿಸಿ ಎರಡು ಕಡೆ ಬಳಸಿದ್ದರೆ ಅವರ ಕಣ್ಣಿಗೆ ಬೀಳುತ್ತದೆ. 20,621 ಲೇಖನಗಳನ್ನು ಹೀಗೆ ಕಣ್ಣಿಂದಲೇ ನೋಡಿ, ಸುಮಾರು ಶೇ. 4ರಷ್ಟರಲ್ಲಿ ಚಿತ್ರಗಳ ದೋಷ ಇದೆಯೆಂದು 2016ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದರು. 2019ರಲ್ಲಿ ನೌಕರಿ ಬಿಟ್ಟು ಪೂರ್ತಿ ಇದೇ ಕೆಲಸಕ್ಕೆ ಇಳಿದರು.

2020ರ ಮಾರ್ಚಿನಲ್ಲಿ ಫ್ರಾನ್ಸಿನ ಪ್ರಸಿದ್ಧ ವೈದ್ಯ ಡಿಡಿಯೆ ರೌಲ್ ಅವರ ತಂಡ, ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಕೋವಿಡ್ ವೈರಸ್ ಬೇಗ ಹೋಗುತ್ತದೆ ಎಂಬ ಲೇಖನ ಪ್ರಕಟಿಸಿತು. ಔಷಧ ಕೊಟ್ಟದ್ದು 26 ಮಂದಿಗೆ. ಫಲಿತಾಂಶದ ಲೆಕ್ಕಕ್ಕೆ ತೆಗೆದುಕೊಂಡದ್ದು 20 ಮಂದಿಯನ್ನು. ಬಿಟ್ಟುಹೋದ ಆರು ಮಂದಿಯಲ್ಲಿ ಮೂವರು ಐಸಿಯು ಸೇರಿದ್ದರು, ಒಬ್ಬರು ತೀರಿಕೊಂಡಿದ್ದರು. ಅಂದರೆ ಕೆಟ್ಟದ್ದಾದವರು ಲೆಕ್ಕದಲ್ಲೇ ಇಲ್ಲ! ಇದನ್ನೂ ಇತರ ದೋಷಗಳನ್ನೂ ಬಿಕ್ ಕೆಲವೇ ದಿನಗಳಲ್ಲಿ ಎತ್ತಿ ತೋರಿಸಿದರು. ಅಷ್ಟರಲ್ಲಿ ಜಗತ್ತೆಲ್ಲ ಮಾತ್ರೆಗೆ ಮುಗಿಬಿದ್ದಿತ್ತು. ನಮ್ಮ ದೇಶದಲ್ಲೂ ಜನ ತಾವಾಗಿ ಕೊಂಡು ನುಂಗುವುದನ್ನು ತಡೆಯಲು ಮಾರ್ಚ್ ಕೊನೆಯಲ್ಲಿ ಕೇಂದ್ರ ಸರ್ಕಾರ ಮಾರಾಟಕ್ಕೆ ನಿರ್ಬಂಧ ಹಾಕಬೇಕಾಯಿತು. ಸಂಧಿವಾತಕ್ಕೂ ಲೂಪಸ್ ಕಾಯಿಲೆಗೂ ಅದೇ ಮಾತ್ರೆಯನ್ನು ನಂಬಿದವರಿದ್ದಾರೆ ಎಂಬುದನ್ನು ಆಗ ಯಾರು ಯೋಚಿಸಿದರು?

ಬಿಕ್ ಅವರಿಗೆ ಸಿಕ್ಕಿದ್ದು ಬೈಗುಳ ಮತ್ತು ಫ್ರಾನ್ಸಿನಲ್ಲಿ ಅವರ ವಿರುದ್ಧ ಕ್ರಿಮಿನಲ್ ದೂರು. ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡದ್ದು 2024ರ ಡಿಸೆಂಬರಿನಲ್ಲಿ, ನಾಲ್ಕೂವರೆ ವರ್ಷಗಳಿಗೂ ಹೆಚ್ಚು ಕಾಲದ ನಂತರ.

ಪರಿಶೀಲನೆ ಹಗೆತನವಲ್ಲ

ಪರಿಶೀಲಿಸುವವರು ಕೆಡುಕು ಹುಡುಕುವ ಜನ, ಅವರಿಗೆ ಯಾರನ್ನಾದರೂ ಕೆಡವಬೇಕು ಎಂದು ಹೇಳುವವರಿದ್ದಾರೆ. ಆಲಿವ್ ಎಣ್ಣೆಯ ಕಥೆ ಕೇಳಿ.

ಆಲಿವ್ ಎಣ್ಣೆ, ಬಾದಾಮಿ-ಅಕ್ರೋಟು, ತರಕಾರಿ, ಮೀನು ಹೆಚ್ಚಿರುವ ಆಹಾರದಿಂದ ಹೃದಯಾಘಾತ ಮತ್ತು ಪಾರ್ಶ್ವವಾಯು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ ಎಂದು ಸ್ಪೇನಿನ ‘ಪ್ರೆಡಿಮೆಡ್’ ಅಧ್ಯಯನ 2013ರಲ್ಲಿ ಹೇಳಿತ್ತು. 7,447 ಮಂದಿ ಭಾಗವಹಿಸಿದ್ದ ದೊಡ್ಡ ಅಧ್ಯಯನ. 2017ರಲ್ಲಿ ಕಾರ್ಲೈಲ್ ಐದು ಸಾವಿರಕ್ಕೂ ಹೆಚ್ಚು ಪ್ರಯೋಗಗಳ ಅಂಕಿಗಳನ್ನು ಜಾಲಾಡಿದಾಗ ಇದರಲ್ಲೂ ಏನೋ ಹೊಂದುತ್ತಿಲ್ಲ ಎಂದು ಕಂಡಿತು. ಸ್ಪೇನಿನವರು ಸಿಟ್ಟಾಗಲಿಲ್ಲ. ತಾವೇ ಹಳೆಯ ಕಡತಗಳನ್ನು ತೆರೆದು ನೋಡಿದರು. ಒಂದೇ ಮನೆಯ ಗಂಡ ಹೆಂಡಿರನ್ನು ಚೀಟಿ ಎತ್ತದೆ ಒಂದೇ ಗುಂಪಿಗೆ ಸೇರಿಸಿದ್ದು, ಒಂದು ಕೇಂದ್ರದಲ್ಲಿ ಕ್ಲಿನಿಕ್‌ಗೆ ಬಂದವರೆಲ್ಲರಿಗೂ ಒಂದೇ ಆಹಾರ ಕೊಟ್ಟದ್ದು ಗೊತ್ತಾಯಿತು. ಮೋಸವಿರಲಿಲ್ಲ, ಎಡವಟ್ಟಾಗಿತ್ತು. 2018ರ ಜೂನಿನಲ್ಲಿ ಅವರು ಹಳೆಯ ಲೇಖನವನ್ನು ಹಿಂತೆಗೆದುಕೊಂಡು, ಲೆಕ್ಕ ತಿದ್ದಿ, ಮೊದಲಿಗಿಂತ ಮೆತ್ತಗಿನ ಮಾತಿನಲ್ಲಿ ಅದನ್ನು ಮತ್ತೆ ಪ್ರಕಟಿಸಿದರು. ಆಲಿವ್ ಎಣ್ಣೆಯ ಮರ್ಯಾದೆ ಹೋಗಲಿಲ್ಲ. ಆ ಸಂಶೋಧಕರ ಮರ್ಯಾದೆ ಹೆಚ್ಚಿತು.

ಈಗ ನಮ್ಮ ಮನೆಯ ಮಾತು

ಯುನಾನಿ, ಆಯುರ್ವೇದ ವೈದ್ಯರಾದ ನಮಗೆ "ನಿಮ್ಮ ಔಷಧಕ್ಕೆ ಪುರಾವೆ ಎಲ್ಲಿದೆ?" ಎಂಬ ಪ್ರಶ್ನೆ ಚುಚ್ಚುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಅಡ್ಡದಾರಿಯ ಉತ್ತರ ಹುಡುಕುವವರು ನಮ್ಮಲ್ಲಿ ಹೆಚ್ಚಾಗುತ್ತಿದ್ದಾರೆ. ವಾರಕ್ಕೆ ನಾಲ್ಕೈದು ಇಮೇಲ್ ನನಗೇ ಬರುತ್ತವೆ: ನಿಮ್ಮ ಲೇಖನ ಕಳುಹಿಸಿ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಶುಲ್ಕ ಇಷ್ಟು. ನಾನು ಓದದ ವಿಷಯದ ಪತ್ರಿಕೆಗೆ ಸಂಪಾದಕನಾಗಿ ಬನ್ನಿ ಎಂದೂ ಕರೆಯುತ್ತಾರೆ. ಮೂರು ದಿನದಲ್ಲಿ ಯಾವ ತಜ್ಞ ಓದುತ್ತಾನೆ, ಯಾವ ಅಂಕಿ ತಾಳೆ ನೋಡುತ್ತಾನೆ? ಅದು ಪ್ರಕಟಣೆಯಲ್ಲ, ಸರ್ಟಿಫಿಕೇಟಿನ ವ್ಯಾಪಾರ.

ಈ ವ್ಯಾಪಾರದಲ್ಲಿ ನಮ್ಮ ದೇಶದ ಹೆಸರು ಕೆಟ್ಟಿದೆ ಎಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಯಾರಿಗಾದರೂ ಕಣ್ಣಿಗೆ ಹೊಡೆಯುವಂಥ ತಪ್ಪುಗಳಿದ್ದ ಒಂದು ಸುಳ್ಳು ಲೇಖನವನ್ನು 304 ಪತ್ರಿಕೆಗಳಿಗೆ ಕಳುಹಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು. ಅವರು ಕಳುಹಿಸಿದ ಪತ್ರಿಕೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಭಾರತದಲ್ಲಿ ನೆಲೆಯಿದ್ದವು. ಅವುಗಳಲ್ಲಿ 64 ಲೇಖನವನ್ನು ಒಪ್ಪಿದವು, ಬೇಡವೆಂದವು 15 ಮಾತ್ರ. ಹೈದರಾಬಾದಿನ ಒಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಯು ತಜ್ಞರ ಪರಿಶೀಲನೆಯ ವಿಷಯದಲ್ಲಿ ಸಂಶೋಧಕರನ್ನು ವಂಚಿಸಿದೆ ಎಂದು 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶಿಸಿತು.

ಇದಕ್ಕೆ ಯುವ ವೈದ್ಯರನ್ನಷ್ಟೇ ದೂರಿ ಫಲವಿಲ್ಲ. ಬಡ್ತಿ ಬೇಕೆಂದರೆ ಇಷ್ಟು ಲೇಖನ ತೋರಿಸು ಎಂದು ಎಣಿಸುವ ವ್ಯವಸ್ಥೆ ಇರುವವರೆಗೆ ಲೇಖನಗಳನ್ನು ತೂಕಕ್ಕೆ ಮಾರುವವರೂ ಇರುತ್ತಾರೆ. ಒಬ್ಬ ಅಧ್ಯಾಪಕ ಹತ್ತು ವರ್ಷದಲ್ಲಿ ಒಂದೇ ಪ್ರಯೋಗವನ್ನು ಪ್ರಾಮಾಣಿಕವಾಗಿ ಮುಗಿಸಿ, "ಈ ಜೋಶಾಂದಾ ಈ ಕಾಯಿಲೆಗೆ ಕೆಲಸ ಮಾಡಲಿಲ್ಲ" ಎಂದು ಬರೆದರೆ ಅವನಿಗೂ ಬಡ್ತಿ ಸಿಗಬೇಕು. ಅಂಥ ಲೇಖನಕ್ಕೆ ನಮ್ಮಲ್ಲಿ ಬೆಲೆಯೇ ಇಲ್ಲ. ರೋಗಿಗೆ ಮಾತ್ರ ಅದರ ಬೆಲೆ ದೊಡ್ಡದು.

ಇದು ಹೊರಗಿನಿಂದ ನಮ್ಮ ಮೇಲೆ ಹೇರಿದ ಪಾಠ ಎಂದೂ ಭಾವಿಸಬೇಡಿ. ಸಾವಿರ ವರ್ಷಗಳಿಗೂ ಹಿಂದೆ ಅಬೂಬಕರ್ ಅಲ್-ರಾಝಿ ‘ಸರ್‌ಸಾಮ್’ ರೋಗಿಗಳಲ್ಲಿ ಕೆಲವರಿಗೆ ರಕ್ತ ತೆಗೆದು, ಕೆಲವರಿಗೆ ಬೇಕೆಂದೇ ತೆಗೆಯದೆ ಬಿಟ್ಟು, ಎರಡನ್ನೂ ಹೋಲಿಸಿ ನೋಡಿದ್ದನ್ನು ‘ಅಲ್-ಹಾವಿ’ಯಲ್ಲಿ ಓದುತ್ತೇವೆ. ಗುರುವೆಂದು ಗೌರವಿಸುತ್ತಿದ್ದ ಜಾಲಿನೂಸನ ಮಾತುಗಳನ್ನೇ ಪ್ರಶ್ನಿಸಿ ಒಂದು ಗ್ರಂಥ ಬರೆದರು. ಇಬ್ನ್ ಸೀನಾ ‘ಅಲ್-ಕಾನೂನ್’ನ ಎರಡನೆಯ ಭಾಗದಲ್ಲಿ ಔಷಧ ಪರೀಕ್ಷೆಯ ನಿಯಮಗಳನ್ನು ಪಟ್ಟಿಮಾಡಿದ್ದಾರೆ: ಔಷಧ ಕಲಬೆರಕೆಯಿಲ್ಲದ ಸ್ಥಿತಿಯಲ್ಲಿರಬೇಕು, ಹಲವು ಕಾಯಿಲೆ ಬೆರೆತಿರುವವನ ಮೇಲಲ್ಲ, ಒಂದೇ ಕಾಯಿಲೆ ಇರುವವನ ಮೇಲೆ ನೋಡಬೇಕು, ಪರಿಣಾಮ ಮತ್ತೆ ಮತ್ತೆ ಅದೇ ಬರಬೇಕು, ಪ್ರಾಣಿಯ ಮೇಲೆ ಕಂಡದ್ದು ಮನುಷ್ಯನಿಗೂ ಆಗುತ್ತದೆಂದು ನಂಬದೆ ಮನುಷ್ಯನಲ್ಲೇ ನೋಡಬೇಕು. ನಮ್ಮ ಮೊದಲ ವರ್ಷದ ಪಠ್ಯದಲ್ಲೇ ಹೊಗಳುವ ಹೆಸರುಗಳಿವು. ಹೆಸರನ್ನು ಹೊಗಳಿ ವಿಧಾನವನ್ನು ಮೂಲೆಗೆ ಸರಿಸಿದರೆ ಅದು ಪರಂಪರೆಯಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು

ಅಂಕಿಗಳ ಲೆಕ್ಕ ನಿಮ್ಮ ಕೆಲಸವಲ್ಲ. ಆದರೆ "ಸಂಶೋಧನೆಯಿಂದ ಸಾಬೀತಾಗಿದೆ" ಎಂದು ಯಾರೇ ಹೇಳಲಿ, ಅದು ವಾಟ್ಸಾಪ್ ಆಗಿರಲಿ, ಔಷಧ ಕಂಪೆನಿಯ ಜಾಹೀರಾತಾಗಿರಲಿ, ನನ್ನಂಥ ವೈದ್ಯನೇ ಆಗಿರಲಿ, ಈ ಐದು ಪ್ರಶ್ನೆ ಕೇಳಿ.

ಒಂದು, ಪ್ರಯೋಗ ನಡೆದದ್ದು ಯಾರ ಮೇಲೆ? ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣವನ್ನು ಕೊಂದದ್ದು, ಇಲಿಯ ಸಕ್ಕರೆ ಇಳಿಸಿದ್ದು ಮನುಷ್ಯನಿಗೆ ಔಷಧವಾಗಿಬಿಡುವುದಿಲ್ಲ.

ಎರಡು, ಎಷ್ಟು ಮಂದಿಯ ಮೇಲೆ, ಮತ್ತು ಶುರುಮಾಡಿದವರೆಲ್ಲ ಕೊನೆಯ ಲೆಕ್ಕದಲ್ಲಿದ್ದಾರೆಯೇ? 26 ಮಂದಿ 20 ಆದ ಕಥೆಯನ್ನು ನೆನಪಿಡಿ.

ಮೂರು, ಮೊದಲೇ ನೋಂದಣಿಯಾಗಿತ್ತೇ? ಭಾರತದಲ್ಲಿ ಸಿ.ಟಿ.ಆರ್.ಐ. ಎಂಬ ಪ್ರಯೋಗಗಳ ನೋಂದಣಿ ಪುಸ್ತಕ 2007ರಿಂದ ಇದೆ. 2009ರ ಜೂನ್ 15ರಿಂದ ಔಷಧ ನಿಯಂತ್ರಣಾಧಿಕಾರಿಗಳು ನೋಂದಣಿಯನ್ನು ಕಡ್ಡಾಯ ಮಾಡಿದರು. ಯುನಾನಿ, ಆಯುರ್ವೇದದ ಪ್ರಯೋಗಗಳೂ ಅಲ್ಲಿ ನೋಂದಣಿಯಾಗುತ್ತವೆ. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದಿಟ್ಟವನು ಆಮೇಲೆ ಗುರಿಯನ್ನು ಬಾಣ ಬಿದ್ದಲ್ಲಿಗೆ ಸರಿಸಲಾರ. ಯಾರು ಬೇಕಾದರೂ ಅಲ್ಲಿ ಉಚಿತವಾಗಿ ಹುಡುಕಿ ನೋಡಬಹುದು.

ನಾಲ್ಕು, ಆ ಲೇಖನವನ್ನು ಹಿಂತೆಗೆದುಕೊಳ್ಳಲಾಗಿದೆಯೇ? ‘ಪಬ್‌ಮೆಡ್’ನಲ್ಲಿ ಲೇಖನದ ಹೆಸರು ಹಾಕಿದರೆ, ಹಿಂತೆಗೆದ ಲೇಖನದ ಮೇಲೆ ಆ ಸೂಚನೆ ಎದ್ದು ಕಾಣುತ್ತದೆ. ‘ರಿಟ್ರ್ಯಾಕ್ಷನ್ ವಾಚ್’ ಎಂಬ ತಂಡ 2010ರಿಂದ ಇಂಥವುಗಳ ಮೇಲೆ ಕಣ್ಣಿಟ್ಟಿದೆ. ಅದರ ಪಟ್ಟಿ ಐವತ್ತು ಸಾವಿರ ದಾಟಿದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಹುಡುಕಾಟ ಅವರಿಗೆ ಐದು ನಿಮಿಷದ ಕೆಲಸ.

ಐದು, ಹಣ ಯಾರದ್ದು? ಪುಡಿ ಮಾರುವ ಕಂಪೆನಿಯೇ ಪ್ರಯೋಗಕ್ಕೂ ಹಣ ಕೊಟ್ಟಿದ್ದರೆ ಅದು ಸುಳ್ಳೇ ಎಂದಲ್ಲ, ಆದರೆ ಇನ್ನೊಂದು ಕಡೆ ಬೇರೆಯವರು ಮಾಡಿದ ಪ್ರಯೋಗ ಸಿಗುವವರೆಗೆ ಕಾಯುವುದು ಜಾಣತನ.

ಉತ್ತರ ಸಿಗದಿದ್ದರೆ ಒಂದೇ ಮಾತು: ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್, ಮೂರ್ಛೆ ರೋಗ, ಹೃದ್ರೋಗದ ಮಾತ್ರೆಗಳನ್ನು ಒಂದು ಲೇಖನದ ಭರವಸೆಯ ಮೇಲೆ ಬಿಡುವುದು ಅಪಾಯ. ಹೊಸದನ್ನು ಸೇರಿಸಬೇಕೆನಿಸಿದರೆ, ಅದು ಗಿಡಮೂಲಿಕೆಯೇ ಆಗಿದ್ದರೂ, ನಿಮಗೆ ಚಿಕಿತ್ಸೆ ಕೊಡುವ ವೈದ್ಯರಿಗೆ ತಿಳಿಸಿ ಸೇರಿಸಿ.

ವೈದ್ಯ ಮಿತ್ರರಿಗೂ ಕಾಲೇಜು ನಡೆಸುವವರಿಗೂ ನನ್ನದೊಂದು ಕೋರಿಕೆ. ಪ್ರಯೋಗ ಮುಗಿದ ಮೇಲೆ ರೋಗಿಯ ಹೆಸರು, ವಿಳಾಸ ತೆಗೆದು ಸಾಲುಸಾಲಿನ ವಿವರವನ್ನು ಪತ್ರಿಕೆಗೆ ಕೊಡುವ ಪದ್ಧತಿಯನ್ನು ನಾವಾಗಿಯೇ ಶುರುಮಾಡೋಣ. ಯಾರೋ ಬಂದು ಚೀಲ ಬಿಚ್ಚಿಸುವವರೆಗೆ ಕಾಯುವುದೇಕೆ? ಅಸಲಿ ಕೇಸರಿ ಮಾರುವವನು ಗಿರಾಕಿ ಕೇಳುವ ಮೊದಲೇ ಒಂದು ಲೋಟ ನೀರು ಮುಂದಿಡುತ್ತಾನೆ.